ಕಂಪ್ಯೂಟರ್ ಲಾಗ್ ನೋಡಿ ವೈದ್ಯರ ಹೊರೆ ಇಳಿಸಬಹುದೇ?

ಪ್ರಶ್ನೆ: ನಾನು ಇನ್ನೂರು ಹಾಸಿಗೆಗಳ ಖಾಸಗಿ ಆಸ್ಪತ್ರೆಯೊಂದರ ಮೆಡಿಸಿನ್ ವಿಭಾಗದಲ್ಲಿ ವೈದ್ಯೆ. ನಮ್ಮಲ್ಲಿ ರೋಗಿಗಳ ದಾಖಲೆ ಕಂಪ್ಯೂಟರಿಗೆ ಬಂದು ಎರಡು ವರ್ಷವಾಯಿತು. ರೌಂಡ್ಸ್, ಓಪಿಡಿ ಮುಗಿಸಿ ಮನೆಗೆ ಬಂದ ಮೇಲೂ ರಾತ್ರಿ ಹತ್ತರವರೆಗೆ ಡಿಸ್ಚಾರ್ಜ್ ಸಮ್ಮರಿ ಬರೆಯುತ್ತಾ ಕೂರುತ್ತೇನೆ. ಯಾರು ಯಾವಾಗ ಲಾಗಿನ್ ಆದರು, ಎಷ್ಟು ಹೊತ್ತು ಕೆಲಸ ಮಾಡಿದರು ಎಂಬ ಲಾಗ್ ತೆಗೆದು ಪ್ರತಿ ತಿಂಗಳೂ ವರದಿ ಮಾಡುತ್ತೇವೆ, ಅದರಿಂದ ನಿಮ್ಮ ಹೊರೆಯೂ ಇಳಿಯುತ್ತದೆ, ತಪ್ಪುಗಳೂ ಕಡಿಮೆಯಾಗುತ್ತವೆ ಎಂದು ಈಗ ಆಡಳಿತದವರು ಹೇಳುತ್ತಿದ್ದಾರೆ. ಆ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ಇದು ನಿಜವಾಗಿ ಆಗುವ ಮಾತೇ, ಅಥವಾ ನಮ್ಮ ಮೇಲಿಡುವ ಇನ್ನೊಂದು ಕಣ್ಣೇ? ನಾನು ಒಪ್ಪಬೇಕೇ?

ಉತ್ತರ: ಆಗುವ ಮಾತೇ ಹೌದು. ಕಣ್ಣಿಡುವ ಸಾಧನವಾಗಿ ಕೆಡುವ ಸಾಧ್ಯತೆಯೂ ಅಷ್ಟೇ ನಿಜ. ಸಮಿತಿಯಲ್ಲಿ ನೀವು ಇರಬೇಕು ಎನ್ನುವುದಕ್ಕೆ ಇವೆರಡೂ ಕಾರಣಗಳು. ಲಾಗ್ ಎನ್ನುವುದು ಕೆಲಸದ ಭಾರ ಎಲ್ಲಿ ಬಿದ್ದಿದೆ ಎಂದು ತೋರಿಸುವ ದಾಖಲೆ. ಅದನ್ನು ಹಾಗೆಯೇ ಓದಿದ ಕಡೆಗಳಲ್ಲಿ ವೈದ್ಯರಿಗೂ ನರ್ಸ್‌ಗಳಿಗೂ ರೋಗಿಗಳಿಗೂ ಒಳ್ಳೆಯದಾಗಿದೆ. ಯಾರು ಚುರುಕು, ಯಾರು ನಿಧಾನ ಎಂದು ಓದಲು ಹೊರಟರೆ ಲಾಗೂ ಕೆಡುತ್ತದೆ, ಸಹೋದ್ಯೋಗಿಗಳ ನಡುವಿನ ವಿಶ್ವಾಸವೂ ಕೆಡುತ್ತದೆ.

ಮೊದಲು ಲಾಗ್ ಹೇಗಿರುತ್ತದೆ ಎಂದು ನೋಡೋಣ, ಏಕೆಂದರೆ ಸಮಿತಿಯಲ್ಲಿ ಕೂರುವ ಬಹಳ ಮಂದಿ ಅದನ್ನು ಕಣ್ಣಾರೆ ಕಂಡಿರುವುದಿಲ್ಲ. ರಾತ್ರಿ 2 ಗಂಟೆ 14 ನಿಮಿಷಕ್ಕೆ ಡ್ಯೂಟಿ ಡಾಕ್ಟರ್ ಒಬ್ಬರು 7ನೇ ಹಾಸಿಗೆಯ ರೋಗಿಯ ಕಡತ ತೆರೆಯುತ್ತಾರೆ ಎಂದುಕೊಳ್ಳಿ. ತೆರೆದದ್ದು ಒಂದು ಸಾಲು. ಪೊಟ್ಯಾಸಿಯಂ ವರದಿ ನೋಡಿದ್ದು ಇನ್ನೊಂದು ಸಾಲು. ಔಷಧದ ಆರ್ಡರ್ ಹಾಕಿದ್ದು, ಅಲರ್ಟ್ ಬಂದದ್ದು, ಅದನ್ನು ಓದದೆಯೋ ಓದಿಯೋ ಒತ್ತಿ ದಾಟಿದ್ದು, 2 ಗಂಟೆ 17ಕ್ಕೆ ಆ ಆರ್ಡರ್ ರದ್ದು ಮಾಡಿದ್ದು, 2 ಗಂಟೆ 18ಕ್ಕೆ 9ನೇ ಹಾಸಿಗೆಯ ರೋಗಿಗೆ ಅದೇ ಆರ್ಡರ್ ಹಾಕಿದ್ದು, ಹೀಗೆ ಪ್ರತಿಯೊಂದಕ್ಕೂ ಹೆಸರು, ಸಮಯ, ರೋಗಿಯ ಸಂಖ್ಯೆ ಸಹಿತ ಒಂದೊಂದು ಸಾಲು ದಾಖಲಾಗುತ್ತದೆ. ಆ ನಾಲ್ಕು ನಿಮಿಷಗಳಲ್ಲಿ ಒಬ್ಬರ ಔಷಧ ಇನ್ನೊಬ್ಬರಿಗೆ ಹೋಗುವ ಅಪಾಯ ಹತ್ತಿರ ಬಂದು ತಪ್ಪಿಹೋಯಿತು. ಬೆಳಿಗ್ಗೆ ಪಾಳಿ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಲಾಗ್‌ನಲ್ಲಿ ಮಾತ್ರ ಅದು ಉಳಿದಿರುತ್ತದೆ.

ಈ ಸಾಲುಗಳನ್ನು ಕೂಡಿಡಲು ಶುರುಮಾಡಿದ್ದು ವೈದ್ಯರ ಹಿತಕ್ಕಾಗಿ ಅಲ್ಲ. ಅಮೆರಿಕದಲ್ಲಿ 1996ರ ಹಿಪಾ ಎಂಬ ಆರೋಗ್ಯ ಮಾಹಿತಿ ಕಾಯ್ದೆಯಡಿ ಬಂದ ಭದ್ರತಾ ನಿಯಮಗಳು, ರೋಗಿಯ ಮಾಹಿತಿಯನ್ನು ಅನಗತ್ಯವಾಗಿ ಯಾರಾದರೂ ಇಣುಕಿ ನೋಡಿದರೆ ಪತ್ತೆಯಾಗಲಿ ಎಂದು ಇಂಥ ಲಾಗ್ ಇಡುವುದನ್ನು ಕಡ್ಡಾಯ ಮಾಡಿದವು. ನಮ್ಮಲ್ಲೂ 2016ರಲ್ಲಿ ಪರಿಷ್ಕರಿಸಿದ ಕೇಂದ್ರ ಆರೋಗ್ಯ ಸಚಿವಾಲಯದ ಇಎಚ್‌ಆರ್ (ಕಂಪ್ಯೂಟರ್ ಆರೋಗ್ಯ ದಾಖಲೆ) ಮಾನದಂಡಗಳು ಇಂಥ ಆಡಿಟ್ ಲಾಗ್ ಇರಬೇಕು ಎನ್ನುತ್ತವೆ. 2009ರ ಹೈಟೆಕ್ ಕಾಯ್ದೆಯ ಪ್ರೋತ್ಸಾಹಧನದಿಂದ ಅಮೆರಿಕದ ಬಹುತೇಕ ಎಲ್ಲ ಆಸ್ಪತ್ರೆಗಳೂ ಕೆಲವೇ ವರ್ಷಗಳಲ್ಲಿ ಕಂಪ್ಯೂಟರ್ ದಾಖಲೆಗೆ ಬದಲಾದವು. ವೈದ್ಯರು ಬೇಸತ್ತು ಕೆಲಸ ಬಿಡುವ ಮಾತು ಅಲ್ಲಿ ಜೋರಾಗುತ್ತಿದ್ದಂತೆ, ಗೋಪ್ಯತೆಗಾಗಿ ಕೂಡಿಟ್ಟಿದ್ದ ಈ ಸಾಲುಗಳಲ್ಲಿ ವೈದ್ಯರ ದಿನಚರಿಯೇ ಅಡಗಿದೆ ಎಂಬುದು ಸಂಶೋಧಕರ ಗಮನಕ್ಕೆ ಬಂತು.

ಅದಕ್ಕೆ ಮೊದಲು ಮನುಷ್ಯರೇ ಗಡಿಯಾರ ಹಿಡಿದು ವೈದ್ಯರ ಹಿಂದೆ ನಿಂತು ಅಳೆಯಬೇಕಿತ್ತು. 2016ರಲ್ಲಿ ಪ್ರಕಟವಾದ ಅಂಥ ಒಂದು ಅಧ್ಯಯನದಲ್ಲಿ ಅಮೆರಿಕದ ನಾಲ್ಕು ರಾಜ್ಯಗಳ 57 ವೈದ್ಯರನ್ನು 430 ಗಂಟೆ ಗಮನಿಸಿದರು. ರೋಗಿಯ ಎದುರು ಕಳೆದ ಹೊತ್ತು ಶೇ 27, ಕಂಪ್ಯೂಟರ್ ಮತ್ತು ಮೇಜಿನ ಕೆಲಸಕ್ಕೆ ಹೋದದ್ದು ಶೇ 49. ಮರುವರ್ಷ ಅಲ್ಲಿನದೇ ರಾಜ್ಯವಾದ ವಿಸ್ಕಾನ್ಸಿನ್‌ನವರು ಲಾಗ್ ಹಿಡಿದು 142 ಕುಟುಂಬ ವೈದ್ಯರ ಮೂರು ವರ್ಷಗಳ ಕೆಲಸ ಲೆಕ್ಕ ಹಾಕಿದರು. ದಿನದ 11.4 ಗಂಟೆಗಳ ದುಡಿಮೆಯಲ್ಲಿ 5.9 ಗಂಟೆ ಪರದೆಯ ಮುಂದೆ, ಅದರಲ್ಲಿ 1.4 ಗಂಟೆ ಕ್ಲಿನಿಕ್ಕಿನ ಸಮಯ ಮುಗಿದ ಮೇಲೆ. ನೀವು ರಾತ್ರಿ ಹತ್ತರವರೆಗೆ ಮಾಡುವ ಕೆಲಸಕ್ಕೆ ಅಲ್ಲಿನವರು ಪೈಜಾಮಾ ಟೈಮ್ ಎಂಬ ಹೆಸರಿಟ್ಟಿದ್ದಾರೆ. ನಿಮ್ಮ ರಾತ್ರಿಗಳು ನಿಮ್ಮ ನಿಧಾನದಿಂದಾಗಿ ಹೋಗುತ್ತಿಲ್ಲ ಎಂದು ಇಷ್ಟರಿಂದಲೇ ನಿಮಗೆ ಧೈರ್ಯ ಬರಲಿ ಎಂಬುದು ನನ್ನ ಆಸೆ. ಸಾವಿರಾರು ಮಂದಿಗೆ ಒಂದೇ ರೀತಿ ಆಗುತ್ತಿರುವುದು ಯಾರೊಬ್ಬರ ಸ್ವಭಾವದ ದೋಷವಾಗಿರಲಾರದು.

ಬೇರೆಬೇರೆ ಆಸ್ಪತ್ರೆಗಳು ಬೇರೆಬೇರೆ ರೀತಿ ಅಳೆದರೆ ಹೋಲಿಸಲು ಬರುವುದಿಲ್ಲವೆಂದು 2020ರಲ್ಲಿ ಸಂಶೋಧಕರ ಗುಂಪೊಂದು ಏಳು ಅಳತೆಗಳನ್ನು ಸೂಚಿಸಿತು. ಒಟ್ಟು ಪರದೆಯ ಸಮಯ, ಕೆಲಸದ ವೇಳೆಯ ಹೊರಗಿನ ಕೆಲಸ, ಟಿಪ್ಪಣಿ ಬರೆಯುವ ಸಮಯ, ಔಷಧ ಚೀಟಿಯ ಸಮಯ, ಬಂದ ಸಂದೇಶಗಳನ್ನು ನೋಡುವ ಇನ್‌ಬಾಕ್ಸ್ ಸಮಯ, ಆರ್ಡರ್ ಹಾಕುವಲ್ಲಿ ತಂಡದವರ ನೆರವು ಎಷ್ಟು ಸಿಗುತ್ತದೆ ಎಂಬುದು ಮತ್ತು ರೋಗಿಗೆ ಪೂರ್ತಿ ಗಮನ ಕೊಟ್ಟ ಹೊತ್ತು, ಇವೇ ಆ ಏಳು. ಇವುಗಳಲ್ಲಿ ಸಮಯದ ಅಳತೆಗಳನ್ನು ರೋಗಿಗಳನ್ನು ನೋಡಲು ನಿಗದಿಯಾದ ಎಂಟು ಗಂಟೆಗಳಿಗೆ ಇಷ್ಟು ಎಂದು ಹೇಳಬೇಕು. ಈ ಕೊನೆಯ ಮಾತು ಚಿಕ್ಕದಾಗಿ ಕಂಡರೂ ಸಮಿತಿಯಲ್ಲಿ ಗಟ್ಟಿಯಾಗಿ ಹಿಡಿಯಬೇಕಾದ ಮಾತು. ವಾರಕ್ಕೆ ಎರಡು ಓಪಿಡಿ ನೋಡುವವರನ್ನೂ ಆರು ಓಪಿಡಿ ನೋಡುವವರನ್ನೂ ಬರಿಯ ಗಂಟೆಗಳ ಲೆಕ್ಕದಲ್ಲಿ ಪಕ್ಕಪಕ್ಕ ಇಟ್ಟರೆ ಅದು ಅನ್ಯಾಯ.

ಅಳೆದು ಬಿಟ್ಟರೆ ಯಾರ ಹೊರೆಯೂ ಇಳಿಯುವುದಿಲ್ಲ. ಇಳಿಸಿದವರ ಉದಾಹರಣೆಯಾಗಿ ನಾನು ಯಾವಾಗಲೂ ಹೇಳುವುದು ಹವಾಯಿಯ ಒಂದು ಆಸ್ಪತ್ರೆ ಸಮೂಹವನ್ನು. 2017ರಲ್ಲಿ ಅಲ್ಲಿನ ಸಿಬ್ಬಂದಿಗೆ, ದಾಖಲೆ ವ್ಯವಸ್ಥೆಯಲ್ಲಿ ಅರ್ಥವಿಲ್ಲದ್ದು, ಬೇಡದ್ದು ಏನಿದೆ ಹೇಳಿ, ತೆಗೆದುಹಾಕೋಣ ಎಂದು ಕೇಳಿದರು. ಪ್ರತಿ ಗಂಟೆ ರೋಗಿಯ ಬಳಿ ಹೋಗಿ ಬಂದೆನೆಂದು ನರ್ಸ್‌ಗಳು ಒತ್ತಬೇಕಿದ್ದ ಒಂದು ಗುಂಡಿ ಚರ್ಚೆಗೆ ಬಂತು. ಒಮ್ಮೆ ಒತ್ತಲು ಸುಮಾರು 24 ಸೆಕೆಂಡ್ ಬೇಕಾಗುತ್ತಿತ್ತು. ನಾಲ್ಕು ಆಸ್ಪತ್ರೆಗಳಲ್ಲಿ ಕೂಡಿಸಿದರೆ ತಿಂಗಳಿಗೆ ಸುಮಾರು 1,700 ನರ್ಸಿಂಗ್ ಗಂಟೆಗಳು ಆ ಒಂದೇ ಗುಂಡಿಗೆ ಸಲ್ಲುತ್ತಿದ್ದವು. ಅದನ್ನು ತೆಗೆದರು. ಯಾವುದು ವ್ಯರ್ಥ ಎಂದು ಹೇಳಿದ್ದು ಆ ಕೆಲಸ ಮಾಡುವವರೇ, ಎಷ್ಟು ವ್ಯರ್ಥ ಎಂದು ಹೇಳಿದ್ದು ಲೆಕ್ಕ. ನರ್ಸ್‌ಗಳ ಮಾತು ಇಲ್ಲದೆ ಅಂಕಿಗಳನ್ನಷ್ಟೇ ನೋಡುತ್ತಿದ್ದವರಿಗೆ, ದಿನವೂ ತಪ್ಪದೆ ಒತ್ತುತ್ತಿದ್ದಾರೆ, ಎಲ್ಲ ಸರಿಯಿದೆ ಎಂದೇ ತೋರುತ್ತಿತ್ತು.

ಇನ್ನು ಸುರಕ್ಷತೆಯ ಮಾತು. ಮೇಲೆ ಹೇಳಿದ 7ನೇ ಹಾಸಿಗೆ, 9ನೇ ಹಾಸಿಗೆಯ ಪ್ರಸಂಗವನ್ನು ನೆನಪಿಟ್ಟುಕೊಳ್ಳಿ. ನ್ಯೂಯಾರ್ಕ್‌ನ ಮಾಂಟೆಫಿಯೋರ್ ಆಸ್ಪತ್ರೆಯಲ್ಲಿ ಜೇಸನ್ ಆಡೆಲ್‌ಮನ್ ಮತ್ತು ಅವರ ತಂಡ, ಒಬ್ಬ ರೋಗಿಗೆ ಹಾಕಿದ ಆರ್ಡರನ್ನು ಹತ್ತು ನಿಮಿಷದೊಳಗೆ ರದ್ದು ಮಾಡಿ, ಮತ್ತೆ ಹತ್ತು ನಿಮಿಷದೊಳಗೆ ಅದೇ ವೈದ್ಯರು ಇನ್ನೊಬ್ಬ ರೋಗಿಗೆ ಅದನ್ನೇ ಹಾಕಿದ್ದರೆ ಅದನ್ನು ಲಾಗ್‌ನಿಂದ ಹೆಕ್ಕುವ ವಿಧಾನ ರೂಪಿಸಿತು. 2009ರ ಒಂದೇ ವರ್ಷದಲ್ಲಿ ಇಂಥ 5,246 ಪ್ರಸಂಗಗಳು ಸಿಕ್ಕವು. ಆರ್ಡರ್ ಹಾಕಿದವರಿಗೆ ಕೂಡಲೇ ಫೋನ್ ಮಾಡಿ ಕೇಳಿ ನೋಡಿದಾಗ ಸುಮಾರು ನಾಲ್ಕರಲ್ಲಿ ಮೂರು ನಿಜವಾಗಿಯೂ ರೋಗಿ ಬದಲಾದ ಪ್ರಸಂಗಗಳೇ ಆಗಿದ್ದವು. ತಾವಾಗಿ ಬರೆದುಕೊಡುವ ಇನ್ಸಿಡೆಂಟ್ ವರದಿಗಳನ್ನು ನಂಬಿದ್ದರೆ ಇವುಗಳಲ್ಲಿ ಹೆಚ್ಚಿನವು ಬೆಳಕಿಗೇ ಬರುತ್ತಿರಲಿಲ್ಲ, ಏಕೆಂದರೆ ತಾನೇ ಗಮನಿಸಿ ತಾನೇ ಸರಿಪಡಿಸಿಕೊಂಡ ತಪ್ಪನ್ನು ನೈಟ್ ಡ್ಯೂಟಿಯ ನಡುವೆ ಫಾರಂ ತುಂಬಿ ಕೊಡುವಷ್ಟು ಬಿಡುವು ಯಾರಿಗೂ ಇರುವುದಿಲ್ಲ.

ಆ ತಂಡ ಅಲ್ಲಿಗೆ ನಿಲ್ಲಲಿಲ್ಲ. ಆರ್ಡರ್ ಹಾಕುವ ಮುನ್ನ ರೋಗಿ ಇವರೇ ತಾನೇ ಎಂದು ಕೇಳಿ ಒಂದು ಗುಂಡಿ ಒತ್ತಿಸಿದರೆ ಇಂಥ ಪ್ರಸಂಗಗಳು ಶೇ 16ರಷ್ಟು ಇಳಿದವು. ರೋಗಿಯ ಹೆಸರಿನ ಮೊದಲಕ್ಷರ, ಲಿಂಗ, ವಯಸ್ಸನ್ನು ವೈದ್ಯರೇ ಟೈಪ್ ಮಾಡಬೇಕೆಂದು ಇಟ್ಟಾಗ ಶೇ 41ರಷ್ಟು ಇಳಿದವು. ಆದರೆ ಮೊದಲನೆಯದಕ್ಕೆ ಹಿಡಿದ ಹೆಚ್ಚುವರಿ ಸಮಯ ಅರ್ಧ ಸೆಕೆಂಡ್, ಎರಡನೆಯದಕ್ಕೆ 6.6 ಸೆಕೆಂಡ್. ದಿನಕ್ಕೆ ನೂರಾರು ಬಾರಿ ಆರು ಸೆಕೆಂಡ್ ಎಂದರೆ ಅದು ವೈದ್ಯರ ತಲೆಯ ಮೇಲಿಟ್ಟ ಹೊಸ ಹೊರೆ. ಸುರಕ್ಷತೆಗೆಂದು ಸೇರಿಸಿದ್ದು ಬಳಲಿಕೆಯಾಗಿ, ಆ ಬಳಲಿಕೆ ಮತ್ತೊಂದು ತಪ್ಪಿಗೆ ದಾರಿಯಾಗಬಾರದೆಂದರೆ ಇಂಥ ತಡೆಗಳನ್ನು ಎಲ್ಲ ಕಡೆಯೂ ಹಾಕದೆ ಅಪಾಯ ಹೆಚ್ಚಿರುವ ಔಷಧಗಳಿಗೆ, ಹೆಚ್ಚಿರುವ ವಾರ್ಡುಗಳಿಗೆ ಮೀಸಲಿಡಬೇಕು ಎಂಬುದು ನನ್ನ ಅಭಿಪ್ರಾಯ. ಯಾವ ವಾರ್ಡ್, ಯಾವ ಹೊತ್ತು ಎಂದು ಹೇಳುವುದೂ ಅದೇ ಲಾಗ್.

ಕೆಲವೊಮ್ಮೆ ಯಾರ ಮೇಲೂ ಹೊರೆ ಹಾಕದ ಪರಿಹಾರವೂ ಸಿಗುತ್ತದೆ. ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಆಗಷ್ಟೇ ಹುಟ್ಟಿದ ಮಗುವಿನ ಹೆಸರು ಬೇಬಿಬಾಯ್, ಬೇಬಿಗರ್ಲ್ ಎಂದೇ ದಾಖಲಾಗುತ್ತಿತ್ತು, ಪಟ್ಟಿಯಲ್ಲಿ ಹತ್ತು ಮಂದಿ ಬೇಬಿಬಾಯ್‌ಗಳು. ಮಾಂಟೆಫಿಯೋರ್‌ನಲ್ಲಿ ಅದರ ಬದಲು ತಾಯಿಯ ಹೆಸರು ಸೇರಿಸಿ ವೆಂಡೀಸ್‌ಗರ್ಲ್ ಎಂಬಂತೆ ಹೆಸರಿಟ್ಟಾಗ, 2015ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ರೋಗಿ ಬದಲಾಗುವ ಪ್ರಸಂಗಗಳು ಶೇ 36ರಷ್ಟು ಕಡಿಮೆಯಾದವು. 2019ರಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ ಹುಟ್ಟಿದ ಮಕ್ಕಳಿಗೆ ಪ್ರತ್ಯೇಕವಾಗಿ ಗುರುತು ಸಿಗುವ ಹೆಸರಿಡುವುದನ್ನು ತನ್ನ ಸುರಕ್ಷತಾ ಗುರಿಗಳಲ್ಲಿ ಸೇರಿಸಿತು. ನಮ್ಮ ಹೆರಿಗೆ ವಾರ್ಡುಗಳ ‘ಬೇಬಿ ಆಫ್ ಲಕ್ಷ್ಮಿ’ ಪದ್ಧತಿ ಈ ವಿಷಯದಲ್ಲಿ ಮೊದಲಿನಿಂದಲೂ ಮುಂದಿತ್ತು, ಆದರೆ ಒಂದೇ ದಿನ ಇಬ್ಬರು ಲಕ್ಷ್ಮಿಯರು ಹೆತ್ತಾಗ, ಅಥವಾ ಅವಳಿ ಮಕ್ಕಳಾದಾಗ, ಆ ಪದ್ಧತಿಯೂ ಸಾಲುವುದಿಲ್ಲ. ನಿಮ್ಮ ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಈ ಲೆಕ್ಕ ಹಾಕಿ ನೋಡಿದರೆ ಒಳ್ಳೆಯದು.

ನಮಗೆ ಸಹಜವೆನಿಸಿದ್ದು ಸುಳ್ಳೆಂದು ಲಾಗ್ ತೋರಿಸಿದ್ದೂ ಇದೆ. ಒಂದು ಸಮಯಕ್ಕೆ ಒಂದೇ ರೋಗಿಯ ಕಡತ ತೆರೆಯಲು ಬಿಟ್ಟರೆ ರೋಗಿ ಬದಲಾಗುವುದು ತಪ್ಪುತ್ತದೆ ಎಂದು ಎಲ್ಲರೂ ನಂಬಿದ್ದರು, ಹಾಗೆ ಶಿಫಾರಸೂ ಇತ್ತು. 3,356 ವೈದ್ಯಕೀಯ ಸಿಬ್ಬಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಕೆಲವರಿಗೆ ಒಂದೇ ಕಡತ, ಉಳಿದವರಿಗೆ ನಾಲ್ಕರವರೆಗೆ ತೆರೆಯಲು ಬಿಟ್ಟು ನೋಡಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಾಲ್ಕು ರೋಗಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಐಸಿಯು ವೈದ್ಯರಿಗೆ ಪದೇಪದೇ ಕಡತ ಮುಚ್ಚಿ ತೆರೆಯುವ ಕಷ್ಟ ಕೊಡುವ ಮೊದಲು ಇಂಥ ಪರೀಕ್ಷೆ ಆಗಬೇಕು.

ಈಗ ನಮ್ಮ ವಾರ್ಡುಗಳಿಗೆ ಬರುತ್ತೇನೆ, ಏಕೆಂದರೆ ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತಂದರೆ ಮೋಸ ಹೋಗುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ಲಾಗ್ ನೋಡಿಕೊಡಲು ನನ್ನನ್ನು ಕರೆದಿದ್ದರು. ಡ್ಯೂಟಿ ಡಾಕ್ಟರ್ ಒಬ್ಬರು ಎಡೆಬಿಡದೆ ಮೂವತ್ತೊಂದು ಗಂಟೆ ಕೆಲಸ ಮಾಡಿದಂತೆ ಅದರಲ್ಲಿತ್ತು. ವಾರ್ಡಿಗೆ ಹೋಗಿ ನರ್ಸಿಂಗ್ ಸ್ಟೇಷನ್ನಿನಲ್ಲಿ ಒಂದು ಬೆಳಗ್ಗೆ ಕೂತೆ. ಇದ್ದ ಎರಡು ಕಂಪ್ಯೂಟರುಗಳಲ್ಲಿ ಒಂದು ಕೆಟ್ಟಿತ್ತು. ಇನ್ನೊಂದರಲ್ಲಿ ಬೆಳಗಿನ ಪಾಳಿಯವರು ತೆರೆದ ಲಾಗಿನ್ನಿನಲ್ಲೇ ಪಿಜಿಗಳು, ಇಂಟರ್ನ್‌ಗಳು, ನರ್ಸ್‌ಗಳು ಎಲ್ಲರೂ ಬರೆಯುತ್ತಿದ್ದರು. ಹಿರಿಯ ನರ್ಸ್ ಒಬ್ಬರು ನನ್ನ ಎದುರಿಗೇ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ ತೋರಿಸಿದರು, ಪರದೆ ತೆರೆದುಕೊಳ್ಳಲು ಒಂದು ನಿಮಿಷದ ಮೇಲೆ ಹಿಡಿಯಿತು. “ಅಷ್ಟರಲ್ಲಿ ನಾನು ಇಬ್ಬರ ಬಿಪಿ ನೋಡಿ ಬರ್ತೀನಿ ಸರ್” ಎಂದರು. ಅವರದು ಶಿಸ್ತಿಲ್ಲದ ನಡವಳಿಕೆ ಎಂದು ವರದಿಯಲ್ಲಿ ಬರೆಯುವುದು ಸುಲಭವಿತ್ತು. ಅಲ್ಲಿ ಬೇಕಿದ್ದದ್ದು ಇನ್ನೆರಡು ಕಂಪ್ಯೂಟರ್ ಮತ್ತು ಬೇಗ ತೆರೆಯುವ ಲಾಗಿನ್. ಅವು ಬಂದ ಮೇಲೆ ಯಾರೂ ಹೇಳದೆಯೇ ಹೆಚ್ಚಿನವರು ತಮ್ಮ ತಮ್ಮ ಹೆಸರಿನಲ್ಲಿ ಬರೆಯತೊಡಗಿದರು. ಒಂದೇ ಲಾಗಿನ್ ಹಂಚಿಕೊಳ್ಳುವ ಕಡೆ ಯಾರ ಸಮಯವನ್ನೂ ಅಳೆಯಲಾಗದು. ನಿಮ್ಮ ಸಮಿತಿ ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ಲಾಗಿಗೆ ಕಾಣದ್ದು ಇನ್ನೂ ಬಹಳ ಇದೆ. ಕೇಸ್ ಶೀಟಿನಲ್ಲಿ ಕೈಯಲ್ಲಿ ಬರೆದು, ಅದನ್ನೇ ಮತ್ತೆ ಕಂಪ್ಯೂಟರಿಗೆ ಹಾಕುವ ಇಮ್ಮಡಿ ಕೆಲಸದಲ್ಲಿ ಅರ್ಧವಷ್ಟೇ ಅದಕ್ಕೆ ಗೊತ್ತು. ಕನ್ಸಲ್ಟೆಂಟರಿಗೆ ಇಸಿಜಿ ಫೋಟೋ ಕಳಿಸಿ ಸಲಹೆ ಪಡೆಯುವುದು, ಐಸಿಯು ಹಾಸಿಗೆ ಹುಡುಕುವುದು, ಲ್ಯಾಬಿನವರನ್ನು ಕೇಳುವುದು ನಮ್ಮಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ನಡೆಯುತ್ತದೆ. ಅಮೆರಿಕದಲ್ಲಿ ಇನ್‌ಬಾಕ್ಸ್ ಎಂದು ಅಳೆಯುವ ಹೊರೆ ಇಲ್ಲಿ ಫೋನಿನಲ್ಲಿ, ಊಟದ ಹೊತ್ತಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಬಳಿ ಇದೆ. ರೋಗಿಯ ಮನೆಯವರಿಗೆ ಕೂತು ವಿವರಿಸಿದ ಇಪ್ಪತ್ತು ನಿಮಿಷಕ್ಕೆ ಯಾವ ಸಾಲೂ ಇಲ್ಲ. ಕೆಲಸದ ವೇಳೆಯ ಹೊರಗೆ ಎಂಬ ಮಾತೂ ಹಾಗೆಯೇ. ಅಲ್ಲಿನ ಒಂದು ಪ್ರಮುಖ ತಂತ್ರಾಂಶ ಸಂಜೆ ಐದೂವರೆಯಿಂದ ಬೆಳಿಗ್ಗೆ ಏಳರವರೆಗಿನ ಹೊತ್ತನ್ನು ಪೈಜಾಮಾ ಟೈಮ್ ಎಂದು ಎಣಿಸುತ್ತದೆ, ಆದರೆ ನಮ್ಮ ಊರುಗಳಲ್ಲಿ ಸಂಜೆಯ ಓಪಿಡಿ ಶುರುವಾಗುವುದೇ ಆ ಹೊತ್ತಿಗೆ. ನಿಮ್ಮ ಡ್ಯೂಟಿ ರೋಸ್ಟರನ್ನು ಲಾಗಿನ ಜೊತೆ ಸೇರಿಸಿ ಓದದೆ ಯಾರ ಮನೆಯ ಸಮಯ ಎಷ್ಟು ಹೋಯಿತೆಂದು ಹೇಳಬರುವುದಿಲ್ಲ. ಪರದೆ ತೆರೆದಿಟ್ಟು ಯೋಚಿಸುತ್ತಾ ಕೂತರೆ ಕೆಲವು ತಂತ್ರಾಂಶಗಳು ಕೆಲವೇ ಸೆಕೆಂಡುಗಳಲ್ಲಿ ಎಣಿಕೆ ನಿಲ್ಲಿಸುತ್ತವೆ, ಕೆಲವು ನಿಮಿಷಗಟ್ಟಲೆ ಎಣಿಸುತ್ತವೆ. ನಿಮ್ಮದು ಏನು ಮಾಡುತ್ತದೆ ಎಂದು ಕಂಪನಿಯವರಿಂದ ಬರಹದಲ್ಲಿ ಪಡೆಯಿರಿ.

ಇಷ್ಟು ಕೊರತೆಗಳಿರುವ ಅಂಕಿಗಳಿಂದ ಒಬ್ಬೊಬ್ಬ ವೈದ್ಯರಿಗೂ ಅಂಕ ಕೊಡಲು ಹೊರಟರೆ ಏನಾಗುತ್ತದೆ ನೋಡಿ. ಟಿಪ್ಪಣಿಗೆ ಕಡಿಮೆ ಸಮಯ ತೆಗೆದುಕೊಂಡವರು ದಕ್ಷರಾಗಿರಬಹುದು, ನಿನ್ನೆಯ ಟಿಪ್ಪಣಿಯನ್ನೇ ಇಂದಿಗೂ ನಕಲು ಮಾಡಿ ಅಂಟಿಸಿದವರೂ ಆಗಿರಬಹುದು. ಹೆಚ್ಚು ಸಮಯ ತೆಗೆದುಕೊಂಡವರ ಬಳಿ ಜಟಿಲ ರೋಗಿಗಳಿರಬಹುದು. ಅಮೆರಿಕದ ಅಧ್ಯಯನಗಳಲ್ಲಿ ಮಹಿಳಾ ವೈದ್ಯರಿಗೆ ರೋಗಿಗಳಿಂದಲೂ ಸಿಬ್ಬಂದಿಯಿಂದಲೂ ಹೆಚ್ಚು ಸಂದೇಶಗಳು ಬರುವುದು ಕಂಡಿದೆ. ಕೇಳಿದರೆ ಉತ್ತರಿಸುತ್ತಾರೆ ಎಂಬ ನಂಬಿಕೆಯೇ ಅವರ ಪರದೆಯ ಸಮಯವನ್ನು ಹಿಗ್ಗಿಸುತ್ತದೆ. ಅದನ್ನು ನಿಧಾನ ಎಂದು ಅಂಕ ಕಳೆಯುವುದು ದೊಡ್ಡ ತಪ್ಪು. ಲಾಗ್ ನೋಡಿ ಯಾರು ಬೇಸತ್ತಿದ್ದಾರೆ ಎಂದು ಮೊದಲೇ ಹೇಳುವ ಪ್ರಯತ್ನಗಳೂ ನಡೆದಿವೆ, ಒಬ್ಬೊಬ್ಬರ ವಿಷಯದಲ್ಲಿ ನೆಚ್ಚಿಕೊಳ್ಳುವಷ್ಟು ನಿಖರತೆ ಅವುಗಳಲ್ಲಿ ಕಂಡಿಲ್ಲ. ಒಂದೇ ಅಂಕಿಯ ಇಬ್ಬರಲ್ಲಿ ಒಬ್ಬರು ನೆಮ್ಮದಿಯಿಂದಿರಬಹುದು, ಇನ್ನೊಬ್ಬರು ರಾಜೀನಾಮೆ ಬರೆದಿಟ್ಟುಕೊಂಡಿರಬಹುದು. ಬಳಲಿಕೆಯನ್ನು ತಿಳಿಯಲು ಹೆಸರು ಕೇಳದ ಪ್ರಶ್ನಾವಳಿಯೂ ನಂಬಿಕೆಯಿಂದ ಮಾತಾಡಿಸುವ ಒಬ್ಬ ಹಿರಿಯರೂ ಬೇಕು.

ಆದ್ದರಿಂದ ಸಮಿತಿಗೆ ಒಪ್ಪಿಕೊಳ್ಳಿ, ಆದರೆ ಕೆಲವು ಮಾತುಗಳು ಬರಹದಲ್ಲಿ ಬರುವವರೆಗೆ ಮೊದಲ ವರದಿ ಹೊರಡದಂತೆ ನೋಡಿಕೊಳ್ಳಿ. ವರದಿ ವಿಭಾಗದ ಮಟ್ಟದಲ್ಲಿರಬೇಕು, ಮೂರು ನಾಲ್ಕು ಮಂದಿಯ ಚಿಕ್ಕ ವಿಭಾಗಗಳನ್ನು ಬೇರೆಯವುಗಳೊಡನೆ ಸೇರಿಸಬೇಕು, ಇಲ್ಲವಾದರೆ ಹೆಸರಿಲ್ಲದೆಯೂ ಯಾರೆಂದು ತಿಳಿದುಬಿಡುತ್ತದೆ. ಒಬ್ಬೊಬ್ಬರ ಅಂಕಿ ಅವರಿಗೆ ಮಾತ್ರ ಕಾಣಬೇಕು. ಸಂಬಳ, ಬಡ್ತಿ, ಶಿಸ್ತುಕ್ರಮಗಳಿಗೆ ಈ ಲಾಗನ್ನು ಬಳಸುವುದಿಲ್ಲವೆಂದು ಆಡಳಿತ ಸಹಿ ಹಾಕಬೇಕು. ಕಡತ ಇಣುಕುವವರನ್ನು ಹಿಡಿಯುವ ಗೋಪ್ಯತಾ ತನಿಖೆ ಬೇರೆ, ಅದು ಎಂದಿನಂತೆ ನಡೆಯಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಹೆಸರು ಸಹಿತದ ಲಾಗ್ ರೋಗಿಯದಷ್ಟೇ ಅಲ್ಲ, ನಿಮ್ಮದೂ ವೈಯಕ್ತಿಕ ಮಾಹಿತಿ. ಆದರೂ ಉದ್ಯೋಗದ ಉದ್ದೇಶಗಳಿಗೆ ಆ ಕಾಯ್ದೆಯಲ್ಲಿ ಮಾಲೀಕರಿಗೆ ಅವಕಾಶವಿರುವುದರಿಂದ, ಕಾನೂನನ್ನೇ ನೆಚ್ಚಿ ಕೂರದೆ ಆಸ್ಪತ್ರೆಯೊಳಗಿನ ಲಿಖಿತ ನಿಯಮವನ್ನು ಪಡೆಯುವುದು ಕ್ಷೇಮ. ನರ್ಸ್‌ಗಳಿಲ್ಲದ ಸಮಿತಿಯಾಗಿದ್ದರೆ ಅವರನ್ನು ಸೇರಿಸುವಂತೆ ಕೇಳಿ. ಪ್ರತಿ ವರದಿಯ ಕೊನೆಯಲ್ಲೂ ಈ ತಿಂಗಳು ಏನು ತೆಗೆದುಹಾಕಿದೆವು ಎಂಬ ಒಂದು ಸಾಲು ಇರಲಿ. ಆ ಸಾಲು ಮೂರು ತಿಂಗಳು ಖಾಲಿಯಿದ್ದರೆ ಅಳೆಯುವುದನ್ನು ನಿಲ್ಲಿಸುವಂತೆ ಕೇಳುವ ಹಕ್ಕು ನಿಮಗಿದೆ.

ಶುರುಮಾಡಲು ನಿಮ್ಮ ಡಿಸ್ಚಾರ್ಜ್ ಸಮ್ಮರಿಯೇ ಸಾಕು. ಮೆಡಿಸಿನ್ ವಿಭಾಗದ ಎಲ್ಲ ಸಮ್ಮರಿಗಳೂ ದಿನದ ಯಾವ ಹೊತ್ತಿಗೆ ತೆರೆದುಕೊಳ್ಳುತ್ತವೆ, ಎಷ್ಟು ಬಾರಿ ಅರ್ಧಕ್ಕೆ ಮುಚ್ಚಿಹೋಗುತ್ತವೆ, ಬರೆಯುವಾಗ ವೈದ್ಯರು ಲ್ಯಾಬ್ ವರದಿಯ ಪುಟಕ್ಕೆ ಎಷ್ಟು ಸಲ ಹೋಗಿ ಬರುತ್ತಾರೆ ಎಂದು ಹೆಸರುಗಳನ್ನು ತೆಗೆದು ಒಂದು ತಿಂಗಳ ಲಾಗ್ ಕೇಳಿ. ಹೋಗಿಬರುವುದು ಹೆಚ್ಚಿದ್ದರೆ ಅಂಕಿಗಳು ತಾವಾಗಿ ಬಂದು ಕೂರುತ್ತಿಲ್ಲ, ಕೈಯಿಂದ ನಕಲಾಗುತ್ತಿವೆ ಎಂದರ್ಥ. ಆ ನಕಲಿನಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.2 ಎನ್ನುವುದು 2.1 ಆಗುವುದೂ ಇದೆ. ರೌಂಡ್ಸ್ ಮುಗಿದ ಕೂಡಲೇ ಹನ್ನೊಂದರಿಂದ ಹನ್ನೆರಡರ ನಡುವೆ ತೆರೆದು ಅರ್ಧಕ್ಕೆ ಬಿಟ್ಟವು ಹೆಚ್ಚಿದ್ದರೆ ಆ ಒಂದು ಗಂಟೆ ನಿಮ್ಮನ್ನು ಯಾರು, ಏತಕ್ಕೆ ಕರೆಯುತ್ತಿದ್ದಾರೆ ಎಂದು ಮೂರು ದಿನ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಕಾಗದವನ್ನೂ ಲಾಗಿನ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಮೊದಲ ಸಭೆಯಲ್ಲಿ ಕೂರಿ.